ವಂದಿಸಿದರು

ಅಂಕೋಲೆಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ತಾನಾಗಿ ಸಿಕ್ಕಿದ್ದು ಕುಮಾರನಿಗೆ ಅವತ್ತು ಹಿತವಾಗಲಿಲ್ಲ. ನಿಂತುಕೊಂಡು, ಯಾರದೋ ಚೀಲ ಕಾಲಿಗೆ ಬಡಿಸಿಕೊಂಡು, ಬೆವರು ಸುರಿಸಿಕೊಂಡು ಹೋಗಿದ್ದರೆ ಸ್ವಲ್ಪವಾದರೂ ಋಣ ತೀರಿದಂತಾಗುತ್ತಿತ್ತು. ಮೇ ತಿಂಗಳ ಭಾನುವಾರ. ಬೆಳಗಿನ ಒಂಬತ್ತಕ್ಕೇ ಸೀಟಿನ ರೆಕ್ಸಿನ್ನು ಕಾದು ಅಂಗಿಗೆ ಅಂಟುತ್ತಿತ್ತು. ನಿನ್ನೆ ಚಂಪಾ ಅಕ್ಕೋರು ಫೋನು ಮಾಡಿದ್ದರು. ಬೆಳಂಬಾರದ ದೇವಿದಾಸ ಮಾಸ್ತರ ಹೆಂಡತಿ. ವರ್ಷಕ್ಕೊಮ್ಮೆಯೂ ಫೋನು ಮಾಡುವವರಲ್ಲ. “ತಮಾ, ನೀ ಆ ಇಂಟರ್ನೆಟ್ಟಿನ ವಿಶ್ವಕೋಶದಲ್ಲಿ ಬರೀತಿ ಹೇಳಿ ಪೂಜಾ ಹೇಳಿತ್ತು. ನಮ್ಮ ದೀಕ್ಷಾ ಅದ್ರಲ್ಲಿ ಶಿಬಿರದ್ದೊಂದು ಪುಟ ಮಾಡ್ಯದೆ. ಯಾರೋ ಕಾಳಿತೀರ ಹೇಳುವವ ಅದ್ನ ತೆಗೀಬೇಕು ಅಂತ ಬರ್ದು ಹಾಕ್ಯಾನಂತೆ. ಏಳು ದಿನದ ಗಡುವಂತೆ ಮಾರಾಯಾ. ನಮಗೆ ಇದೆಲ್ಲ ತಿಳೂದಿಲ್ಲ. ನೀ ಒಂದ್ಸಲ ಬಂದು ನೋಡಿ ಹೋಗು.” ಅಡ್ಡಿಲ್ಲ ಅಕ್ಕೋರೇ, ಬತ್ತೆ, ಎಂದು ಕುಮಾರ ಹೇಳಿದ್ದ. ಅಷ್ಟು ಸಲೀಸಾಗಿ ಆ ಮಾತು ಬಾಯಿಂದ ಬಂದದ್ದೇ ಅವನಿಗೆ ಆಮೇಲೆ ಹೆದರಿಕೆ ಹುಟ್ಟಿಸಿತು. ಕಾಳಿತೀರ ಅವನೇ ಆಗಿದ್ದ.

ಕಾರವಾರದ ಕಚೇರಿಯಲ್ಲಿ ಅವನು ಟಪಾಲು ವಿಭಾಗದ ಗುಮಾಸ್ತ. ಬಂದ ಕಾಗದಕ್ಕೆ ನಂಬರು ಹಾಕಿ ಒಳಗೆ ಕಳಿಸುವುದು, ಒಳಗಿನ ಕಾಗದಕ್ಕೆ ನಂಬರು ಹಾಕಿ ಹೊರಗೆ ಕಳಿಸುವುದು. ಹದಿನಾಲ್ಕು ವರ್ಷಗಳಲ್ಲಿ ಯಾರೂ ಅವನನ್ನು ಯಾವುದರ ಬಗೆಗೂ ಅಭಿಪ್ರಾಯ ಕೇಳಿದ್ದಿಲ್ಲ. ವಿಶ್ವಕೋಶದಲ್ಲಿ ಹಾಗಲ್ಲ. ಅಲ್ಲಿ ಕಾಳಿತೀರ ಹೇಳಿದ್ದನ್ನು ಕಂಡರಿಯದ ಊರುಗಳ ಜನ ಓದಿ, ಹೌದು ಎನ್ನುತ್ತಿದ್ದರು. “ನಿಮ್ಮದು ಹಾಜರಿ ಪುಸ್ತಕ ಇಲ್ದೇ ಇರೋ ಇನ್ನೊಂದು ಆಫೀಸು” ಎಂದು ಹೆಂಡತಿ ಪೂಜಾ ಚೇಷ್ಟೆ ಮಾಡಿದರೆ ಅವನಿಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಒಂದು ವಿಷಯಕ್ಕೆ ಪುಟ ಬೇಕೆಂದರೆ ಗಮನಾರ್ಹತೆ ಬೇಕು. ಅಂದರೆ ಆ ವಿಷಯಕ್ಕೆ ಸಂಬಂಧವಿಲ್ಲದ ಯಾರೋ ಅದರ ಬಗ್ಗೆ ಎಲ್ಲಾದರೂ ಅಚ್ಚಿನಲ್ಲಿ ವಿವರವಾಗಿ ಬರೆದಿರಬೇಕು. ತನ್ನ ಬಗ್ಗೆ ತಾನೇ ಹೇಳಿಕೊಂಡದ್ದು ಲೆಕ್ಕಕ್ಕಿಲ್ಲ. ಈ ನಿಯಮ ಕುಮಾರನಿಗೆ ಬಹಳ ಹಿಡಿಸಿತ್ತು. ತನ್ನ ಮೀನುಸಾರನ್ನು ತಾನೇ ಹೊಗಳಿಕೊಂಡ ದೇವಬಾಗದ ಹೋಟೆಲಿನ ಪುಟವನ್ನು ಅವನೇ ತೆಗೆಸಿದ್ದ. ಪುಢಾರಿಯೊಬ್ಬನ ಹುಟ್ಟುಹಬ್ಬದ ಪುಟವನ್ನೂ. ಮಂಗಳವಾರ ಮಧ್ಯಾಹ್ನ ‘ಬೆಳಂಬಾರ ಮಕ್ಕಳ ಬೇಸಿಗೆ ಶಿಬಿರ’ ಎಂಬ ಹೊಸ ಪುಟ ಕಣ್ಣಿಗೆ ಬಿದ್ದಾಗ ಅವನು ಮೂರು ಸಲ ಓದಿದ. ಇಪ್ಪತ್ತೇಳು ವರ್ಷ ನಡೆದ ಶಿಬಿರ, ಗಾಳಿಮರಗಳ ತೋಪು, ಮುಖವಾಡ, ಮರಳುಚಿತ್ರ, ಎಲ್ಲ ಇತ್ತು. ‘ಶಿಬಿರದಲ್ಲಿ ಕಲಿತ ಪ್ರಮುಖರು’ ಎಂಬ ಪಟ್ಟಿಯೂ ಇತ್ತು. ಒಬ್ಬ ಡಾಕ್ಟರು, ಒಬ್ಬ ಬ್ಯಾಂಕ್ ಮ್ಯಾನೇಜರು, ಧಾರಾವಾಹಿಯಲ್ಲಿ ಪೊಲೀಸನ ಪಾತ್ರ ಮಾಡುವವನೊಬ್ಬ. ನಾಲ್ಕನೆಯ ಹೆಸರಿಗಾಗಿ ತನ್ನ ಕಣ್ಣು ಕೆಳಗೆ ಜಾರಿದ್ದನ್ನು ಕುಮಾರ ಗಮನಿಸಿದ. ಗಮನಿಸಿಲ್ಲವೆಂದು ತನಗೇ ಹೇಳಿಕೊಂಡ. ಆಮೇಲೆ ಬರೆದ: ‘ಇಂಥ ಶಿಬಿರಗಳು ಊರೂರಲ್ಲೂ ನಡೆಯುತ್ತವೆ. ಸ್ವತಂತ್ರ ಉಲ್ಲೇಖಗಳಿಲ್ಲ. ಅಳಿಸಬೇಕು.’ ಬರೆದು, ಡಬ್ಬಿ ಬಿಚ್ಚಿ ಊಟ ಮಾಡಿದ್ದ.

ಬಿಣಗಾದ ಸುರಂಗದೊಳಗೆ ಬಸ್ಸು ಹೊಕ್ಕಾಗ ಕಿಟಕಿಯ ಗಾಜಿನಲ್ಲಿ ಅವನ ಮುಖ ಕಂಡಿತು, ಹೊರಬಂದಾಗ ಹೋಯಿತು. ಅವನು ಶಿಬಿರಕ್ಕೆ ಹೋದದ್ದು ತೊಂಬತ್ತಾರರಲ್ಲಿ, ಹನ್ನೊಂದನೆಯ ವಯಸ್ಸಿಗೆ. ಹತ್ತು ದಿನ. ಮುಗಿಯುವ ದಿನ ಸಂಜೆ ಶಾಲೆಯ ಜಗಲಿಯೇ ವೇದಿಕೆ, ಸಮಾಜ ಮಂದಿರದ ಕುರ್ಚಿಗಳು, ಮಂಗೇಶನ ಮೈಕು. ಸಮಾರಂಭ ಸಂಜೆ ನಾಲ್ಕಕ್ಕಾದರೆ ಅದರ ವರದಿಯನ್ನು ಮಾಸ್ತರು ಬೆಳಿಗ್ಗೆಯೇ ಬರೆದಿಡುತ್ತಿದ್ದರು. ಪತ್ರಿಕೆಯ ವರದಿಗಾರ ರಾಮನಾಥ ಲೂನಾದ ಮೇಲೆ ಬಂದು ಅದನ್ನು ಒಯ್ದು ಹನ್ನೊಂದರ ಹುಬ್ಬಳ್ಳಿ ಬಸ್ಸಿಗೆ ಕೊಡಬೇಕು. ಆ ಬಸ್ಸು ತಪ್ಪಿದರೆ ಸುದ್ದಿ ಮರುದಿನದ ಪೇಪರಿಗಿಲ್ಲ. ಎಲ್ಲ ಊರಿನ ಎಲ್ಲ ಸಮಾರಂಭಗಳ ಸುದ್ದಿ ಹೋಗುತ್ತಿದ್ದದ್ದೂ ಹಾಗೆಯೇ, ಅದರಲ್ಲಿ ಯಾರಿಗೂ ಯಾವ ಮೋಸವೂ ಕಾಣುತ್ತಿರಲಿಲ್ಲ. ಕೊಡುವ ಮೊದಲು ಮಾಸ್ತರು ವರದಿಯನ್ನು ಮಕ್ಕಳಿಗೆ ಗಟ್ಟಿಯಾಗಿ ಓದುತ್ತಿದ್ದರು, ಯಾರು ಏನು ಮಾಡಬೇಕೆಂಬುದು ತಿಳಿಯಲಿ ಎಂದು. ‘ಲಲಿತಾ ಪ್ರಾರ್ಥಿಸಿದಳು. ಸಂದೇಶ ಸ್ವಾಗತಿಸಿದನು. ಕುಮಾರ ಗೌಡ ವಂದಿಸಿದರು.’ ಉಳಿದವರಿಗೆಲ್ಲ ಏಕವಚನ ಹಾಕಿ ಅವನಿಗೊಬ್ಬನಿಗೆ ಮಾಸ್ತರು ಬಹುವಚನ ಹಾಕಿದ್ದರು. ಯಾಕೆಂದು ಕೇಳಿದ ಸಂದೇಶನಿಗೆ, “ಆಭಾರ ಹೇಳುವವ ಕಡೆಗೆ ಬರ್ತಾನೆ ನೋಡು, ಅಷ್ಟೊತ್ತಿಗೆ ದೊಡ್ಡವ ಆಗಿರ್ತಾನೆ” ಎಂದಿದ್ದರು. ಇನ್ನೂ ಆಗದಿದ್ದದ್ದನ್ನು ಆಗಿಹೋದಂತೆ ಕೇಳಿದ್ದು ಕುಮಾರನಿಗೆ ಈಗಲೂ ನೆನಪಿತ್ತು. ಆವರ್ಸೆಯಲ್ಲಿ ಬಸ್ಸಿನ ಅರ್ಧ ಜನ ಇಳಿದರು.

ಬೆಳಂಬಾರದ ಮನೆಯಲ್ಲಿ ಮಾಸ್ತರು ಜಗಲಿಯ ಆರಾಮಕುರ್ಚಿಯಲ್ಲಿದ್ದರು. ಕಳೆದ ದೀಪಾವಳಿಗೆ ಲಕ್ವಾ ಹೊಡೆದಿತ್ತು. ಬಲಗೈಯನ್ನು ಒಂದು ದಿಂಬಿನ ಮೇಲೆ, ಬೇರೆ ಯಾರದೋ ಕೈಯೆಂಬಂತೆ, ಇಟ್ಟಿದ್ದರು. ಮಾತು ಒಂದೊಂದೇ ಬರುತ್ತಿತ್ತು, ನಡುವೆ ಬಹಳ ಹೊತ್ತು ಬಿಟ್ಟು. ಚಂಪಾ ಅಕ್ಕೋರು ಚಾ ತಂದರು. “ಬಿಸ್ಲಲ್ಲಿ ಬಂದ್ಯಲ್ಲ ತಮಾ. ಬೀರಿ ಇದ್ದಿದ್ರೆ ನಿನ್ನ ಕೂಡೆ ಬರ್ತಿತ್ತು, ಬುಟ್ಟಿ ತುಂಬ ಎಂತಾದ್ರೂ ತರ್ತಿತ್ತು” ಎಂದರು. ಬೀರಿ ಕುಮಾರನ ಅವ್ವ. ಅಂಕೋಲೆಯ ಪೇಟೆಯಲ್ಲಿ ತರಕಾರಿ ಮಾರುತ್ತಿದ್ದವಳು, ತೀರಿಕೊಂಡು ಎರಡು ವರ್ಷವಾಗಿತ್ತು. ಅವ್ವನ ಹೆಸರನ್ನು ಈ ಮನೆಯಲ್ಲಿ ಇಷ್ಟು ಸಹಜವಾಗಿ ಹೇಳುತ್ತಾರೆಂಬುದು ಅವನಿಗೆ ಗೊತ್ತಿರಲಿಲ್ಲ. ಚಾ ಸುಟ್ಟಿತು. ಮಗಳು ದೀಕ್ಷಾ ಒಳಗಿನಿಂದ ಒಂದು ದಪ್ಪ ಫೈಲು, ತನ್ನ ಫೋನು ಎರಡನ್ನೂ ಹಿಡಿದುಕೊಂಡು ಬಂದು ಎದುರಿಗೆ ಕೂತಳು.

“ಮೊದ್ಲು ಅಪ್ಪಂಗೆ ನನ್ನ ಹೆಸ್ರೂ ನೆಂಪಿರ್ಲಿಲ್ಲ ಕುಮಾರಣ್ಣ. ಡಾಕ್ಟರು ಹೇಳಿದ್ರು, ಹಳೇದು ಎಂತಾದ್ರೂ ದಿನಾ ಓದಿ ಹೇಳಿ ಅಂತ. ಈ ಪೇಪರ್ ಕಟಿಂಗ್ ಓದೂಕೆ ಶುರು ಮಾಡ್ದೆ. ಒಂದೊಂದೇ ಬಂತು. ಈಗ ಇದ್ರಲ್ಲಿ ಎಂತ ಉಂಟೋ ಅಷ್ಟೇ ಅವ್ರಿಗೆ ನೆಂಪು. ಇದ್ರಲ್ಲಿ ಇಲ್ದಿದ್ದು ಇಲ್ಲ.” ಫೈಲಿನ ಹಾಳೆಗಳು ಹಳದಿಯಾಗಿ ಮಡಿಕೆಗಳಲ್ಲಿ ಹರಿದಿದ್ದವು. “ಎಲ್ಲ ಪುಡಿ ಆಗ್ತಾ ಬಂತು. ಅಲ್ಲಿ ವಿಶ್ವಕೋಶದಲ್ಲಿ ಹಾಕಿಟ್ರೆ ಯಾರೂ ತೆಗಿಯೂಕಾಗೂದಿಲ್ಲ ಅಂದ್ಕಂಡೆ. ದಿನಾ ಬೆಳಿಗ್ಗೆ ಅದ್ನೇ ಓದ್ತೆ. ಪುಟದ ಮೇಲೆ ತಮ್ಮ ಹೆಸ್ರು ಕಾಣ್ತರಲ್ಲ, ಬೆರಳಿಟ್ಟು ನೋಡ್ತರು.” ಆಮೇಲೆ ಅವಳು ಫೋನು ತೆಗೆದು, ಕುಮಾರ ಬೇಡವೆನ್ನುವ ಮೊದಲೇ, ಕಾಳಿತೀರ ಬರೆದದ್ದನ್ನು ಗಟ್ಟಿಯಾಗಿ ಓದಿದಳು. ಇಂಥ ಶಿಬಿರಗಳು ಊರೂರಲ್ಲೂ ನಡೆಯುತ್ತವೆ. ತಾನು ಬರೆದ ವಾಕ್ಯ ಇನ್ನೊಬ್ಬರ ಬಾಯಲ್ಲಿ ಇಷ್ಟು ಸಣ್ಣದಾಗಿ ಕೇಳುತ್ತದೆಂದು ಅವನು ತಿಳಿದಿರಲಿಲ್ಲ. ಮಾಸ್ತರು ಅವಳ ಬಾಯನ್ನೇ ನೋಡುತ್ತಿದ್ದವರು, “ಯಾರು?” ಎಂದರು.

“ಯಾರೋ ಅಪ್ಪಾ. ಕಾರವಾರ ಬದಿಯವ ಇರ್ಬೇಕು, ಕಾಳಿ ಹೊಳೆ ಹೆಸ್ರು ಇಟ್ಕಂಡಾನೆ.”

“ಇಲ್ಲಿಯವ ಆಗಿರೂಕಿಲ್ಲ” ಎಂದರು ಚಂಪಾ ಅಕ್ಕೋರು. “ಇಲ್ಲಿಯವ ಆಗಿದ್ರೆ ಹಾಂಗೆ ಬರಿಯೂಕೆ ಕೈ ಬರ್ತಿತ್ತನಾ?”

ಈಗ ಹೇಳಬೇಕು ಎಂದುಕೊಂಡ ಕುಮಾರ. ಚಾದ ಲೋಟ ಕೆಳಗಿಟ್ಟು, ಅಕ್ಕೋರೇ, ಅದು ನಾನೇ ಎಂದರೆ ಮುಗಿಯಿತು. ಲೋಟ ಕೆಳಗಿಟ್ಟ. “ನಿಯಮ ಹಾಂಗೆ ಇರ್ತದೆ ಅಕ್ಕೋರೇ, ಅವನದೂ ತಪ್ಪಲ್ಲ” ಎಂಬ ಮಾತು ಬಂತು. ಅದನ್ನು ಹೇಳಿದ ದನಿ ಕಚೇರಿಯ ದನಿಯಾಗಿತ್ತು; ಕಾಗದ ಹುಡುಕಿಕೊಂಡು ಬಂದವರಿಗೆ ನಾಳೆ ಬನ್ನಿ ಎನ್ನುವ ದನಿ. ದೀಕ್ಷಾ ಅಷ್ಟರಲ್ಲಿ ಫೈಲಿನಿಂದ ಒಂದು ತುಂಡನ್ನು ಹುಷಾರಾಗಿ ತೆಗೆದು ಅವನ ಮುಂದಿಟ್ಟಿದ್ದಳು. ತೊಂಬತ್ತಾರರದು. ಉಳಿದವೆಲ್ಲ ನಾಲ್ಕು ಸಾಲಿನವು, ಇದೊಂದೇ ಎರಡು ಕಾಲಮ್ಮಿನದು, ಚಿತ್ರಸಮೇತ. ಇದನ್ನು ನಿನ್ನೆ ಉಲ್ಲೇಖವಾಗಿ ಹಾಕಿದ್ದೇನೆ, ಇದು ಸಾಕಾಗುವುದಿಲ್ಲವೇ ಎಂದು ಅವಳು ಕೇಳಿದಳು. ಮಾಸ್ತರು ಎಡಗೈಯನ್ನು ಚಾಚಿ, ತುಂಡಿನ ಕೊನೆಯ ಸಾಲಿನ ಮೇಲೆ ಬೆರಳಿಟ್ಟು, ಕುಮಾರನನ್ನು ನೋಡಿ ನಕ್ಕರು. ಅರ್ಧ ಮುಖ ಮಾತ್ರ ನಕ್ಕಿತು. “ನೀನು… ಚಲೋ ಮಾಡ್ದೆ… ಅವತ್ತು. ವಂದಿಸ್ದೆ.” ಆ ಕಣ್ಣುಗಳಲ್ಲಿ ಕುಮಾರ ಕುಚೋದ್ಯ ಹುಡುಕಿದ, ಕ್ಷಮೆ ಹುಡುಕಿದ, ಎರಡೂ ಇರಲಿಲ್ಲ. ಬರಿಯ ಸಂತೋಷವಿತ್ತು. “ಆ ಸಾಲು ಬಂತಂದ್ರೆ ಅವ್ರಿಗೆ ಬಾಳ ಖುಷಿ” ಎಂದರು ಚಂಪಾ ಅಕ್ಕೋರು. “ದಿನಾ ಕೇಳ್ತರು, ವಂದಿಸ್ದವ ಯಾರು ಹೇಳಿ.” ನೋಡುತ್ತೇನೆ, ನನ್ನ ಕೈಲಾದದ್ದು ಮಾಡುತ್ತೇನೆ ಎಂದು ಹೇಳಿ ಕುಮಾರ ಎದ್ದ. ಊಟಕ್ಕೆ ನಿಲ್ಲೆಂದರೂ ನಿಲ್ಲಲಿಲ್ಲ.

ಅವನು ವಂದಿಸಿರಲಿಲ್ಲ. ತಿರುಗಿ ಬರುವ ಬಸ್ಸಿನಲ್ಲಿ ನಿಲ್ಲಲೇಬೇಕಾಯಿತು, ಅದರಿಂದ ಏನೂ ತೀರಲಿಲ್ಲ. ತೊಂಬತ್ತಾರರ ಆ ಸಂಜೆ ಸಂದೇಶ ಹೋಗಿ ಸ್ವಾಗತಿಸಿ ಬಂದ, ಅತಿಥಿಗಳು ಮಾತಾಡಿದರು, ಕುಮಾರನ ಹೆಸರು ಕೂಗಿದರು. ಅವನ ಕೈಯಲ್ಲಿ ಮಾಸ್ತರು ಬರೆದುಕೊಟ್ಟ ಚೀಟಿ, ಅದರಲ್ಲಿ ಹನ್ನೊಂದು ಹೆಸರು. ಮೈಕಿನ ಮುಂದೆ ನಿಂತಾಗ ಹಿಂದಿನ ಸಾಲಿನಾಚೆ, ಗಾಳಿಮರದ ಕೆಳಗೆ, ಅವ್ವ ಕಂಡಳು. ಪೇಟೆಯಿಂದ ನೇರ ಬಂದಿದ್ದಳು, ಸೊಂಟದಲ್ಲಿ ಖಾಲಿ ಬುಟ್ಟಿ. ಕುರ್ಚಿಗಳು ಖಾಲಿ ಇದ್ದರೂ ಕೂತಿರಲಿಲ್ಲ. ಅವನು ಬಾಯಿ ತೆರೆಯುವ ಮೊದಲೇ ಅವಳು ಅಲ್ಲಿಂದಲೇ, ಹೊಲದಾಚೆಯವರನ್ನು ಕೂಗುವ ದನಿಯಲ್ಲಿ, “ಹೇಳು ಮಗಾ, ಹೆದ್ರಬೇಡ” ಎಂದಳು. ಜನ ತಿರುಗಿ ನೋಡಿ ನಕ್ಕರು. ಕೆಟ್ಟ ನಗುವೇನಲ್ಲ, ಅದೂ ಅವನಿಗೆ ಗೊತ್ತಿತ್ತು. ಜಗಲಿಯ ಕಂಬದ ಪಕ್ಕ ಮಾಸ್ತರು ತುಟಿಯಲ್ಲೇ ಮೊದಲ ಸಾಲು ಹೇಳಿಕೊಡುತ್ತಿದ್ದರು, ಅಂಗೈ ಮೇಲೆತ್ತಿ, ಇಂದಿನ ಈ ಸುಂದರ ಸಮಾರಂಭದ, ಇಂದಿನ ಈ ಸುಂದರ. ಅವನು ಇಳಿದು ನಡೆದ, ಆಮೇಲೆ ಓಡಿದ, ದಂಡೆಯ ಮೇಲೆ ಕವುಚಿ ಹಾಕಿದ ದೋಣಿಯೊಂದರ ಮರೆಯಲ್ಲಿ ಕೂತ. ಮರುದಿನ ಪೇಪರಿನಲ್ಲಿ ಅವನು ವಂದಿಸಿದ್ದ. ಪೇಟೆಯಲ್ಲಿ ಯಾರಿಂದಲೋ ಓದಿಸಿಕೊಂಡು ಬಂದ ಅವ್ವ ಅದನ್ನು ಎಲೆಯಡಿಕೆಯ ಸಂಚಿಯಲ್ಲಿ ಮಡಿಸಿಡುತ್ತ, “ನಂಗೆ ಕೇಳ್ಲಿಲ್ಲ. ಪೇಪರ್ನೋರಿಗೆ ಕೇಳ್ಸಿತ್ತು ಕಾಣ್ತದೆ” ಎಂದಿದ್ದಳು. ಅವಳು ತಮಾಷೆ ಮಾಡಿದ್ದೋ ಅಥವಾ ಅವನನ್ನು ಕಾಪಾಡಿದ್ದೋ ಅವನಿಗೆ ತಿಳಿಯಲೇ ಇಲ್ಲ, ಈಗ ಕೇಳುವ ಹಾಗೂ ಇಲ್ಲ.

ಇಷ್ಟು ವರ್ಷ ಅವನು ಇದಕ್ಕೊಂದು ಕಾರಣ ಇಟ್ಟುಕೊಂಡಿದ್ದ. ಹತ್ತು ದಿನ ಮಕ್ಕಳು ಉಂಡ ಸಾಂಬಾರಿಗೆ ಮೂರು ಬುಟ್ಟಿ ಮೊಗೆಕಾಯಿ ಕೊಟ್ಟವಳು ಅವ್ವ. ಚೀಟಿಯ ಹನ್ನೊಂದು ಹೆಸರುಗಳಲ್ಲಿ ಅವಳದಿರಲಿಲ್ಲ. ಕುರ್ಚಿಯವರಿದ್ದರು, ಮೈಕಿನವನಿದ್ದ, ಬೀರಿ ಇರಲಿಲ್ಲ. ಅದಕ್ಕೇ ನನ್ನ ಬಾಯಿ ಕಟ್ಟಿತು ಎಂದು ಅವನು ಕಾಲೇಜಿನಲ್ಲಿ ಗೆಳೆಯರಿಗೆ ಹೇಳಿದ್ದ, ಮದುವೆಯಾದ ಮೇಲೆ ಪೂಜಾಳಿಗೆ ಹೇಳಿದ್ದ, ಹೇಳಿ ಹೇಳಿ ಮಾಸ್ತರ ಮೇಲೆ ಸಿಟ್ಟು ನಿಜವಾಗಿಯೇ ಬೆಳೆದಿತ್ತು. ಆದರೆ ಸಮಾರಂಭದ ಹಿಂದಿನ ದಿನ ಸಂಜೆ ಮಾಸ್ತರು ಚೀಟಿ ಬರೆಯುತ್ತ ಪೆನ್ನು ಎತ್ತಿ ಕೇಳಿದ್ದರು: “ಕುಮಾರ, ನಿನ್ನ ಅವ್ವಂದು ಹೆಸ್ರು ಹಾಕ್ಬೇಕಲ್ಲೋ, ಮೊಗೆಕಾಯಿ ಕೊಟ್ಟಿದ್ದಕ್ಕೆ?” ಸಂದೇಶನೂ ಲಲಿತಾಳೂ ಪಕ್ಕದಲ್ಲೇ ಇದ್ದರು. “ಬ್ಯಾಡ ಮಾಸ್ತರ್ರೇ” ಎಂದವನು ಅವನೇ. ಮಾಸ್ತರು ಅವನ ಮುಖ ನೋಡಿ ಪೆನ್ನಿನ ಟೊಪ್ಪಿ ಹಾಕಿದ್ದರು. ಬಸ್ಸು ಅಮದಳ್ಳಿ ದಾಟುವಾಗ, ಎರಡು ಬ್ಯಾಗುಗಳ ನಡುವೆ ಕಂಬ ಹಿಡಿದು ನಿಂತ ಕುಮಾರನಿಗೆ ಆ ಟೊಪ್ಪಿಯ ಟಕ್ಕೆಂಬ ಸದ್ದು ಕೇಳಿಸಿತು. ಅವನಿಗೆ ಅಳು ಬಂತು. ಪಕ್ಕದ ಹೆಂಗಸು ನೋಡಿದಳೆಂದು ಕೆಮ್ಮಿದ.

ಸೋಮವಾರ, ಪುಟ ಅಳಿಸಬೇಕೋ ಉಳಿಸಬೇಕೋ ಎಂದು ವಿಶ್ವಕೋಶದವರು ಮಾತಾಡಿಕೊಳ್ಳುವ ಚರ್ಚೆಯ ಪುಟಕ್ಕೆ ಇನ್ನೊಬ್ಬರು ಬಂದಿದ್ದರು. ವಿನೋದ ಎಂಬ ಹೆಸರಿನ ಹಿರಿಯ ಸಂಪಾದಕ, ಎಲ್ಲಿಯವರೋ. ಕಾಳಿತೀರನ ಮೇಲೆ ಅವರಿಗೆ ಗೌರವ. ‘೧೯೯೬ರ ಪತ್ರಿಕಾ ವರದಿ ಸಾಕಷ್ಟು ವಿವರವಾಗಿದೆ, ಸ್ವತಂತ್ರವೂ ಆಗಿ ಕಾಣುತ್ತದೆ. ಇದನ್ನು ಒಪ್ಪಿದರೆ ಪುಟ ಉಳಿಸಬಹುದು. ಕಾಳಿತೀರ ಅವರು ಆ ಭಾಗದವರು, ನೋಡಿ ತಿಳಿಸಲಿ’ ಎಂದು ಬರೆದಿದ್ದರು. ಅಂದರೆ ಒಂದು ಪದ ಸಾಕಿತ್ತು. ಉಳಿಸಿ ಎಂದು ಬರೆದರೆ ಪುಟ ಉಳಿಯುತ್ತದೆ, ದೀಕ್ಷಾ ದಿನಾ ಓದುತ್ತಾಳೆ, ಮಾಸ್ತರು ಬೆರಳಿಟ್ಟು ನೋಡುತ್ತಾರೆ, ಕುಮಾರ ಗೌಡ ಎಂದೆಂದಿಗೂ ವಂದಿಸಿರುತ್ತಾನೆ. ಸೋಮವಾರವಿಡೀ ಅವನು ಟಪಾಲಿಗೆ ನಂಬರು ಹಾಕುತ್ತ ಆ ಒಂದು ಪದವನ್ನು ಬಾಯೊಳಗೆ ಇಟ್ಟುಕೊಂಡಿದ್ದ. ಮಂಗಳವಾರ ಗಡುವು. ಮಧ್ಯಾಹ್ನ ಎಲ್ಲರೂ ಊಟಕ್ಕೆದ್ದ ಮೇಲೆ ಅವನು ಡಬ್ಬಿ ಬಿಚ್ಚದೆ ಚರ್ಚೆಯ ಪುಟ ತೆರೆದ. ಸತ್ಯ ಹೇಳಬೇಕೆಂಬ ಹಟವೋ, ನಿಯಮದ ಹಿಂದೆ ಅಡಗುವ ಹಳೆಯ ಚಟವೋ, ಅಥವಾ ಇನ್ನೊಂದು ಸಲ ಮೈಕಿನ ಮುಂದೆ ನಿಲ್ಲಬೇಕೆಂಬ ಹುಚ್ಚೋ, ಅವನಿಗೇ ಬಗೆಹರಿಯಲಿಲ್ಲ. ಬರೆದ.

‘ಈ ವರದಿಯನ್ನು ಒಪ್ಪಲಾಗದು. ಇದನ್ನು ಶಿಬಿರ ನಡೆಸಿದವರೇ ಸಮಾರಂಭಕ್ಕೆ ಮೊದಲೇ ಬರೆದು ಕೊಟ್ಟಿದ್ದರು. ಇದರ ಕೊನೆಯ ವಾಕ್ಯ ಸುಳ್ಳು. ಆ ಕುಮಾರ ಗೌಡ ನಾನೇ. ನಾನು ವಂದಿಸಲಿಲ್ಲ.’

ಇಲ್ಲಿಗೆ ನಿಲ್ಲಿಸಬೇಕಿತ್ತು. ಅದು ನಿಯಮಕ್ಕೆ ಸರಿಯಾಗಿತ್ತು. ಆದರೆ ಬೆರಳು ನಿಲ್ಲಲಿಲ್ಲ. ‘ಇಂದಿನ ಈ ಸುಂದರ ಸಮಾರಂಭದ ಕೊನೆಯಲ್ಲಿ ಎಲ್ಲರಿಗೂ ಆಭಾರ ಮನ್ನಿಸುವುದು ನನ್ನ ಕರ್ತವ್ಯ. ಕುರ್ಚಿ ಕೊಟ್ಟ ಸಮಾಜ ಮಂದಿರದವರಿಗೆ ವಂದನೆ. ಮೈಕಿನ ಮಂಗೇಶನಿಗೆ ವಂದನೆ. ಹತ್ತು ದಿನವೂ ಮಜ್ಜಿಗೆ ಮಾಡಿಕೊಟ್ಟ ಚಂಪಾ ಅಕ್ಕೋರಿಗೆ ವಂದನೆ. ಸುದ್ದಿಯನ್ನು ಹುಬ್ಬಳ್ಳಿ ಬಸ್ಸಿಗೆ ಮುಟ್ಟಿಸಿದ ರಾಮನಾಥರಿಗೆ ವಂದನೆ. ಮೂರು ಬುಟ್ಟಿ ಮೊಗೆಕಾಯಿ ಕೊಟ್ಟವರು ಬೀರಿ. ಆಕೆ ನನ್ನ ಅವ್ವ. ಆಕೆಯ ಹೆಸರು ಬೇಡವೆಂದವನು ನಾನು. ಆಕೆ ಕೊನೆಯವರೆಗೂ ನಿಂತೇ ಇದ್ದಳು. ಇದಕ್ಕೆಲ್ಲ ಯಾವ ಉಲ್ಲೇಖವೂ ಇಲ್ಲ. ಕಂಬದ ಪಕ್ಕ ನಿಂತು ಮೊದಲ ಸಾಲು ಹೇಳಿಕೊಟ್ಟ ದೇವಿದಾಸ ಮಾಸ್ತರಿಗೆ ವಂದನೆ. ನನಗೆ ಕೇಳಿಸಿತ್ತು, ಮಾಸ್ತರೇ.’ ಗುಂಡಿ ಒತ್ತಿದ. ಕೆಳಗೆ ತಾನಾಗಿ ರುಜು ಬಿತ್ತು: ಕಾಳಿತೀರ, ಮಧ್ಯಾಹ್ನ ೧-೫೨. ಜನ ಕೈ ಒರೆಸಿಕೊಳ್ಳುತ್ತ ಒಳಗೆ ಬರತೊಡಗಿದ್ದರು.

ಬುಧವಾರ ಬೆಳಿಗ್ಗೆ ನೋಡಿದಾಗ ಪುಟ ಹೋಗಿತ್ತು. ಅದಿದ್ದಲ್ಲಿ, ಈ ಹೆಸರಿನ ಪುಟವಿಲ್ಲ ಎಂಬ ಒಂದು ಸಾಲು. ಚರ್ಚೆ ಮಾತ್ರ ಹೋಗಿರಲಿಲ್ಲ; ಚರ್ಚೆಗಳನ್ನು ಅಲ್ಲಿ ಅಳಿಸುವ ಪದ್ಧತಿಯಿಲ್ಲ. ಅವನು ಬರೆದದ್ದೆಲ್ಲದರ ಸುತ್ತ ಒಂದು ಬೂದು ಚೌಕ ಹಾಕಿ, ಮೇಲೆ ಹೀಗೆ ಬರೆದಿದ್ದರು: ‘ಈ ಚರ್ಚೆ ಮುಗಿದಿದೆ. ತೀರ್ಮಾನ: ಅಳಿಸಲಾಗಿದೆ. ದಯವಿಟ್ಟು ಇದರಲ್ಲಿ ಏನನ್ನೂ ಬದಲಾಯಿಸಬೇಡಿ.’ ಹನ್ನೊಂದರ ಹೊತ್ತಿಗೆ ದೀಕ್ಷಾಳ ಫೋನು ಬಂತು. ಕುಮಾರ ಕುರ್ಚಿಯಿಂದೆದ್ದು ಹಿಂದಿನ ಮೆಟ್ಟಿಲಿಗೆ ಹೋದ.

“ಓದ್ದೆ, ಗೌಡ್ರೆ” ಎಂದಳು. ಕುಮಾರಣ್ಣ ಎನ್ನಲಿಲ್ಲ. ಆಮೇಲೆ ತಾಯಿಯ ಸುದ್ದಿ ತೆಗೆದಳು. “ಆಯಿಗೆ ಹೇಳ್ದೆ. ಅದು ಅತ್ತಿತು. ಸಿಟ್ಟಿಂದಲ್ಲ. ಬೀರಿ ಹೆಸ್ರು ಬಂದಲ್ಲಿ ಅತ್ತಿತು.”

“ಮಾಸ್ತರಿಗೆ?”

“ಅವ್ರಿಗೆ ಓದ್ಲಿಲ್ಲ.”

“ದೀಕ್ಷಾ, ಕಡೆಯ ನಾಲ್ಕು ಸಾಲಾದ್ರೂ. ಒಂದ್ಸಲ. ಬೇಕಾದ್ರೆ ನಾನೇ ಬಂದು—”

“ಎಂತಕ್ಕೆ ಗೌಡ್ರೆ? ನೀವು ವಂದಿಸ್ಲಿಲ್ಲ ಅಂತ ಈಗ ಅವ್ರಿಗೆ ಮೊದ್ಲು ಹೇಳ್ಬೇಕು. ಆಮೇಲೆ ಇದ್ನ ಓದ್ಬೇಕು. ಎರಡೂ ತಡ್ಕಳೂಕಾಗೂದಿಲ್ಲ ಅವ್ರಿಗೆ.” ಅವಳ ದನಿಯಲ್ಲಿ ಜಗಳವಿರಲಿಲ್ಲ, ರೋಗಿಯ ಪಥ್ಯ ಹೇಳುವವರ ದನಿ. “ಪುಟ ಹೋಯ್ತು ಅಂತಾನೂ ಹೇಳ್ಲಿಲ್ಲ. ಮೊನ್ನೆನೇ ಫೋಟೋ ತೆಕ್ಕಂಡಿದ್ದೆ, ಅದ್ನೇ ಇವತ್ತೂ ಓದ್ದೆ. ಮುಗ್ದ ಮೇಲೆ ಕೇಳಿದ್ರು, ವಂದಿಸ್ದವ ಯಾರು ಹೇಳಿ.”

ಮೆಟ್ಟಿಲಿನ ಕಿಟಕಿಯಿಂದ ಸಮುದ್ರದ ಒಂದು ತುಂಡು ಕಾಣುತ್ತಿತ್ತು, ಬಿಸಿಲಿಗೆ ಬಿಳಿಯಾಗಿ. ಒಳಗೆ ಯಾರೋ ಟಪಾಲು ಎಂದು ಕರೆದರು. ಕುಮಾರ ಮೆಟ್ಟಿಲ ಕಂಬಿಯನ್ನು ಹಿಡಿದುಕೊಂಡಿದ್ದ.

“ನೀನು ಎಂತ ಹೇಳ್ದೆ?” ಎಂದು ಕೇಳಿದ.

“ಕುಮಾರ ಗೌಡ ವಂದಿಸಿದರು ಅಂತ ಹೇಳ್ದೆ” ಎಂದಳು ದೀಕ್ಷಾ. “ನಕ್ಕರು.”